ಕಂಪ್ಯೂಟರೋ, ಪ್ಲೇಸ್ಟೇಶನೋ? ಗೇಮ್ ಯಂತ್ರ ಕೊಳ್ಳುವ ಮೊದಲು ಹೆತ್ತವರು ತಿಳಿದಿರಬೇಕಾದ ವಿಷಯಗಳು

ವಾರ್ಷಿಕ ಪರೀಕ್ಷೆ ಮುಗಿದು ಬೇಸಗೆ ರಜೆ ಹತ್ತಿರ ಬಂತೆಂದರೆ ನಮ್ಮ ಅನೇಕ ಕುಟುಂಬಗಳಲ್ಲಿ ಒಂದು ಬೇಡಿಕೆ ತಲೆ ಎತ್ತುತ್ತದೆ. ಒಬ್ಬ ಮಗನಿಗೆ ಗೇಮಿಂಗ್ ಕಂಪ್ಯೂಟರ್ ಬೇಕು, ಇನ್ನೊಬ್ಬನಿಗೆ ಪ್ಲೇಸ್ಟೇಶನ್ ಬೇಕು. ತಂದೆ ದುಬೈಯಲ್ಲೋ ಕುವೈತಿನಲ್ಲೋ ಇದ್ದರೆ "ಪಪ್ಪಾ, ಈ ಸಲ ಬರುವಾಗ ತರಲೇಬೇಕು" ಎಂದು ಫೋನಿನಲ್ಲಿ ಹಠ. ಬೆಲೆ ವಿಚಾರಿಸಿದರೆ ಅರ್ಧ ಲಕ್ಷ ರೂಪಾಯಿಯ ಆಸುಪಾಸು. ಇಷ್ಟು ಹಣ ಹಾಕಿ ಮನೆಗೆ ತರುವ ವಸ್ತು ಯಾವುದು, ಅದರಿಂದ ಮನೆಯ ದಿನಚರಿ ಹೇಗೆ ಬದಲಾಗುತ್ತದೆ ಎಂಬುದು ಮಾತ್ರ ಹೆಚ್ಚಿನ ಹೆತ್ತವರಿಗೆ ಸ್ಪಷ್ಟವಿರುವುದಿಲ್ಲ.

ಯಾವುದರಲ್ಲಿ ಚಿತ್ರ ಚೆನ್ನಾಗಿ ಕಾಣುತ್ತದೆ, ಯಾವುದು ವೇಗವಾಗಿ ಓಡುತ್ತದೆ ಎಂಬುದನ್ನು ಮಕ್ಕಳೇ ನಮಗಿಂತ ಚೆನ್ನಾಗಿ ಬಲ್ಲರು. ಹೆತ್ತವರು ನೋಡಬೇಕಾದ ವ್ಯತ್ಯಾಸಗಳು ಬೇರೆಯೇ ಇವೆ. ಒಟ್ಟು ಎಷ್ಟು ಖರ್ಚಾಗುತ್ತದೆ, ಮಗು ಏನು ಮಾಡುತ್ತಿದೆ ಎಂಬುದು ಮನೆಯವರ ಕಣ್ಣಿಗೆ ಬೀಳುತ್ತದೆಯೇ, ಯಂತ್ರದ ಬೀಗದ ಕೈ ಯಾರಲ್ಲಿರುತ್ತದೆ? ಈ ಲೇಖನದಲ್ಲಿ ಅವುಗಳನ್ನೇ ವಿವರಿಸಲಾಗಿದೆ.

ಎರಡೂ ಬಂದ ದಾರಿ

ಕಂಪ್ಯೂಟರ್ ಆಟದ ಚರಿತ್ರೆ ನಾವು ಭಾವಿಸುವುದಕ್ಕಿಂತ ಹಳೆಯದು. 1962ರಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಕಪಾಟಿನಷ್ಟು ದೊಡ್ಡ ಕಂಪ್ಯೂಟರೊಂದರಲ್ಲಿ 'ಸ್ಪೇಸ್‌ವಾರ್' ಎಂಬ ಆಟವನ್ನು ರಚಿಸಿದರು. ಲೆಕ್ಕ ಮಾಡಲೆಂದು ತಂದ ಯಂತ್ರ ಆಟಕ್ಕೂ ಒದಗಿತು. ಹತ್ತು ವರ್ಷಗಳ ನಂತರ, 1972ರಲ್ಲಿ, ರಾಲ್ಫ್ ಬೇರ್ ಅವರ ಕಲ್ಪನೆಯಿಂದ ಹುಟ್ಟಿದ 'ಒಡಿಸ್ಸಿ' ಎಂಬ ಪೆಟ್ಟಿಗೆ ಮಾರುಕಟ್ಟೆಗೆ ಬಂತು. ಮನೆಯ ಟಿ.ವಿ.ಗೆ ಜೋಡಿಸಿ ಆಡುವುದೊಂದೇ ಅದರ ಕೆಲಸ. ಹೀಗೆ ಟಿ.ವಿ.ಗೆ ಜೋಡಿಸುವ, ಆಟಕ್ಕೆಂದೇ ಮಾಡಿದ ಪೆಟ್ಟಿಗೆಗೆ ಕನ್ಸೋಲ್ ಎಂದು ಹೆಸರು.

ಜಪಾನಿನ ನಿಂಟೆಂಡೊ ಕಂಪೆನಿ 1983ರಲ್ಲಿ 'ಫ್ಯಾಮಿಕಾಮ್' ಎಂಬ ಕನ್ಸೋಲನ್ನು ಹೊರತಂದಿತು. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳಲ್ಲಿ 'ವಿಡಿಯೋ ಗೇಮ್' ಎಂದು ಮಾರಾಟವಾಗುತ್ತಿದ್ದ, ಕ್ಯಾಸೆಟ್ ಸಿಕ್ಕಿಸಿ ಮಾರಿಯೋ ಆಡುತ್ತಿದ್ದ ಪೆಟ್ಟಿಗೆಗಳು ಹೆಚ್ಚಾಗಿ ಇದರದೇ ನಕಲುಗಳು. ಇಂದಿನ ಎಷ್ಟೋ ಹೆತ್ತವರು ಅದರಲ್ಲಿ ಆಡಿಯೇ ದೊಡ್ಡವರಾದವರು. ಸೋನಿಯ ಪ್ಲೇಸ್ಟೇಶನ್ 1994ರಲ್ಲಿ, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 2001ರಲ್ಲಿ ಬಂದವು. ಇತ್ತ ಕಂಪ್ಯೂಟರಿನಲ್ಲಿ 'ಪ್ರಿನ್ಸ್ ಆಫ್ ಪರ್ಷಿಯಾ', 'ರೋಡ್ ರಾಶ್', ಬಳಿಕ ಸೈಬರ್ ಕೆಫೆಗಳಲ್ಲಿ 'ಕೌಂಟರ್ ಸ್ಟ್ರೈಕ್' ಹೀಗೆ ಆಟಗಳ ಇನ್ನೊಂದು ಸಾಲು ಬೆಳೆಯಿತು.

ಇಂದು ಎರಡರ ಒಳಗಿರುವ ಬಿಡಿಭಾಗಗಳು ಬಹುತೇಕ ಒಂದೇ ಜಾತಿಯವು. 2020ರಲ್ಲಿ ಬಂದ ಪ್ಲೇಸ್ಟೇಶನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರಲ್ಲೂ ಇರುವುದು ಕಂಪ್ಯೂಟರಿಗೆ ಚಿಪ್ ಮಾಡುವ ಎ.ಎಂ.ಡಿ. ಕಂಪೆನಿಯ ಚಿಪ್ಪುಗಳೇ. ಆದರೆ ಕನ್ಸೋಲ್‌ಗೆ ಅದನ್ನು ತಯಾರಿಸಿದ ಕಂಪೆನಿ ಒಪ್ಪಿದ ಆಟ ಮಾತ್ರ ಬರುತ್ತದೆ. ಕಂಪ್ಯೂಟರಿಗೆ ಯಾವ ದಿಕ್ಕಿನಿಂದಲಾದರೂ ಏನಾದರೂ ಬರಬಹುದು. ಒಂದು ಬೀಗ ಹಾಕಿದ ಪೆಟ್ಟಿಗೆಯಾದರೆ ಇನ್ನೊಂದು ತೆರೆದ ಬಾಗಿಲು. ಮುಂದೆ ಹೇಳುವ ಎಲ್ಲ ವ್ಯತ್ಯಾಸಗಳಿಗೂ ಇದೇ ಮೂಲ.

ಬೆಲೆಯ ಲೆಕ್ಕ

ಪ್ಲೇಸ್ಟೇಶನ್ 5 ಭಾರತದ ಮಾರುಕಟ್ಟೆಗೆ ಬಂದದ್ದು 2021ರ ಫೆಬ್ರವರಿ 2ರಂದು. ಆಗ ಡಿಸ್ಕ್ ಹಾಕುವ ಮಾದರಿಗೆ 49,990 ರೂಪಾಯಿ, ಡಿಸ್ಕ್ ಇಲ್ಲದ ಮಾದರಿಗೆ 39,990 ರೂಪಾಯಿ ಬೆಲೆಯಿತ್ತು. ಅಂಥದೇ ಆಟಗಳನ್ನು ಅಷ್ಟೇ ಚೆನ್ನಾಗಿ ಓಡಿಸುವ ಕಂಪ್ಯೂಟರನ್ನು ಮಾನಿಟರ್, ಗ್ರಾಫಿಕ್ಸ್ ಕಾರ್ಡ್ ಸಹಿತ ಕೊಳ್ಳಲು ಇದಕ್ಕಿಂತ ಬಹಳ ಹೆಚ್ಚು ಬೇಕು. ಹಾಗಾದರೆ ಕನ್ಸೋಲ್ ಅಗ್ಗವೇ?

ಇಂಕಿನ ಪ್ರಿಂಟರ್ ಕೊಂಡವರಿಗೆ ಇದರ ಗುಟ್ಟು ಬೇಗ ತಿಳಿಯುತ್ತದೆ. ಪ್ರಿಂಟರ್ ಸಸಾರ, ಇಂಕ್ ದುಬಾರಿ. ಕನ್ಸೋಲ್ ಕಂಪೆನಿಗಳು ಕೂಡ ಅನೇಕ ಬಾರಿ ಯಂತ್ರವನ್ನು ಅತಿ ಕಡಿಮೆ ಲಾಭಕ್ಕೆ, ಕೆಲವೊಮ್ಮೆ ನಷ್ಟಕ್ಕೇ ಮಾರಿ, ಮುಂದೆ ಆಟಗಳ ಮಾರಾಟದಿಂದ ಹಣ ಗಳಿಸುತ್ತವೆ. ಪ್ಲೇಸ್ಟೇಶನ್ 5 ಬಂದ ಹೊಸತರಲ್ಲಿ ದೊಡ್ಡ ಆಟವೊಂದರ ಬೆಲೆ 4,999 ರೂಪಾಯಿವರೆಗೆ ಇತ್ತು. ವರ್ಷಕ್ಕೆ ಅಂಥ ನಾಲ್ಕು ಆಟ ಕೊಂಡರೆ ಹೆಚ್ಚುಕಡಿಮೆ 20,000. ಐದು ವರ್ಷಕ್ಕೆ ಒಂದು ಲಕ್ಷ, ಅಂದರೆ ಯಂತ್ರದ ಬೆಲೆಯ ಎರಡು ಪಟ್ಟು. ಇದರ ಮೇಲೆ, ಹಣ ಕೊಟ್ಟು ಕೊಂಡ ಆಟವನ್ನು ಪ್ಲೇಸ್ಟೇಶನ್ ಅಥವಾ ಎಕ್ಸ್‌ಬಾಕ್ಸ್‌ನಲ್ಲಿ ಇಂಟರ್ನೆಟ್ ಮೂಲಕ ಇತರರೊಡನೆ ಆಡಲು ಸಾಮಾನ್ಯವಾಗಿ ಚಂದಾ ಬೇರೆ ಕಟ್ಟಬೇಕು. ಕಂಪ್ಯೂಟರಿನಲ್ಲಿ ಇಂಥ ಚಂದಾ ಇಲ್ಲ.

ಕಂಪ್ಯೂಟರಿಗೆ ಮೊದಲ ಖರ್ಚು ದೊಡ್ಡದು, ಆಟಗಳ ಖರ್ಚು ಕಡಿಮೆ. 2003ರಲ್ಲಿ ಆರಂಭವಾದ 'ಸ್ಟೀಮ್' ಎಂಬ ಅಂತರಜಾಲ ಅಂಗಡಿಯಲ್ಲಿ ಆಟಗಳು ವರ್ಷಕ್ಕೆ ಹಲವು ಬಾರಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ. 2015ರಿಂದ ಅಲ್ಲಿ ರೂಪಾಯಿಯಲ್ಲೇ ವ್ಯಾಪಾರ. ಆದರೆ ಅಲ್ಲಿ ಕೊಂಡದ್ದನ್ನು ಮರುಮಾರಾಟ ಮಾಡುವಂತಿಲ್ಲ. ಕನ್ಸೋಲ್‌ನ ಡಿಸ್ಕನ್ನಾದರೆ ನೆರೆಮನೆಯವರೊಡನೆ ಬದಲಾಯಿಸಿಕೊಳ್ಳಬಹುದು, ಆಡಿ ಮುಗಿದ ಮೇಲೆ ಮಾರಬಹುದು. ಆದ್ದರಿಂದ ಹಣ ಉಳಿಯಿತೆಂದು ಡಿಸ್ಕ್ ಇಲ್ಲದ ಮಾದರಿ ಕೊಳ್ಳುವವರು ಈ ಅನುಕೂಲವನ್ನು ಕಳೆದುಕೊಳ್ಳುತ್ತಾರೆ ಎಂಬುದು ನೆನಪಿರಲಿ.

ಕಂಪ್ಯೂಟರ್ ಇರುವ ಮನೆಗಳಲ್ಲಿ ಇನ್ನೊಂದು ಆಮಿಷವಿದೆ. ಹಣ ಕೊಡದೆ ಕಳ್ಳಪ್ರತಿಗಳನ್ನು ಇಳಿಸಿಕೊಳ್ಳುವುದು. ಇಂಥ ಪ್ರತಿಗಳ ಜೊತೆ ವೈರಸ್ ಬರುವುದುಂಟು. ತಂದೆ ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರಿಗೇ ಅದು ಹೊಕ್ಕರೆ ಆಗುವ ನಷ್ಟ ಆಟದ ಬೆಲೆಗಿಂತ ದೊಡ್ಡದು. ಅದಕ್ಕೂ ಮಿಗಿಲಾಗಿ, ಏಳನೆಯ ದೇವಾಜ್ಞೆ ಪುಕ್ಕಟೆ ಆಟಕ್ಕೂ ಅನ್ವಯಿಸುತ್ತದೆ ಎಂಬುದನ್ನು ಮಕ್ಕಳಿಗೆ ಮನೆಯಲ್ಲೇ ಹೇಳಿಕೊಡಬೇಕು.

ಪಾಠವೂ ಅದರಲ್ಲೇ, ಆಟವೂ ಅದರಲ್ಲೇ

"ಕಂಪ್ಯೂಟರ್ ಆದರೆ ಓದಿಗೂ ಆಗುತ್ತದೆ" ಎಂಬುದು ಮಕ್ಕಳ ಮೊದಲ ವಾದ. ಅದು ಸುಳ್ಳಲ್ಲ. ಪ್ರಾಜೆಕ್ಟ್ ಬರೆಯಬಹುದು, ಪ್ರೋಗ್ರಾಮಿಂಗ್ ಕಲಿಯಬಹುದು, ಚಿತ್ರ ಬಿಡಿಸಬಹುದು. ಆಟದ ಹುಚ್ಚಿನಿಂದಲೇ ಯಂತ್ರದ ಒಳಗುಟ್ಟು ಕಲಿತು ಇಂಜಿನಿಯರ್ ಆದವರಿದ್ದಾರೆ. ಹಳತಾದಾಗ ಒಂದೊಂದೇ ಭಾಗ ಬದಲಾಯಿಸಿ ಹೊಸತು ಮಾಡಿಕೊಳ್ಳಬಹುದು. ಕೆಟ್ಟರೆ ಊರಿನ ಕಂಪ್ಯೂಟರ್ ಅಂಗಡಿಯಲ್ಲೇ ರಿಪೇರಿ ಆಗುತ್ತದೆ.

ಆದರೆ ಇದೇ ಅನುಕೂಲ ತೊಂದರೆಯೂ ಹೌದು. ಕೋಣೆಯ ಬಾಗಿಲು ಹಾಕಿ ಕಂಪ್ಯೂಟರಿನ ಮುಂದೆ ಕುಳಿತ ಮಗ ಓದುತ್ತಿದ್ದಾನೋ ಆಡುತ್ತಿದ್ದಾನೋ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಅಮ್ಮ ಬಂದ ಸದ್ದಾದರೆ ಒಂದು ಗುಂಡಿ ಒತ್ತಿದರೆ ಸಾಕು, ಆಟ ಮರೆಯಾಗಿ ಪಾಠ ಪರದೆಯ ಮೇಲೆ. ಕನ್ಸೋಲ್‌ನಲ್ಲಿ ಈ ಕಣ್ಣಾಮುಚ್ಚಾಲೆ ಕಷ್ಟ. ಅದು ಚಾವಡಿಯ ಟಿ.ವಿ.ಯಲ್ಲಿ ಆನ್ ಆಯಿತೆಂದರೆ ಆಟ ಶುರುವಾಯಿತೆಂದು ಅಜ್ಜಿಗೂ ಗೊತ್ತಾಗುತ್ತದೆ. ಆಟದಲ್ಲಿ ಏನು ನಡೆಯುತ್ತಿದೆ ಎಂಬುದೂ ದೊಡ್ಡ ಪರದೆಯಲ್ಲಿ ಎಲ್ಲರಿಗೂ ಕಾಣುತ್ತದೆ. ಸಂಜೆ ಜಪಸರ ಪ್ರಾರ್ಥನೆಯ ಹೊತ್ತಾದರೆ ಟಿ.ವಿ. ಆಫ್, ಆಟವೂ ಆಫ್. ಅಣ್ಣ ತಂಗಿ ಒಂದೇ ಸೋಫಾದಲ್ಲಿ ಕುಳಿತು ಫುಟ್‌ಬಾಲ್ ಆಡಬಹುದು, ಅಪ್ಪನೂ ಸೇರಿಕೊಳ್ಳಬಹುದು. ಕಂಪ್ಯೂಟರ್ ಆಟ ಹೆಚ್ಚಾಗಿ ಒಬ್ಬೊಬ್ಬರೇ ಕುಳಿತು ಆಡುವಂಥದ್ದು. ಜೊತೆಗಾರರು ಪರದೆಯ ಆಚೆ, ಯಾವುದೋ ಊರಿನಲ್ಲಿ ಇರುತ್ತಾರೆ.

ಕನ್ಸೋಲನ್ನು ಮಲಗುವ ಕೋಣೆಗೆ ಸಾಗಿಸಿ ಅಲ್ಲೇ ಇನ್ನೊಂದು ಟಿ.ವಿ. ಇಟ್ಟರೆ ಈ ಲಾಭವೆಲ್ಲ ಹೋಯಿತು. ಕಂಪ್ಯೂಟರನ್ನು ಚಾವಡಿಯಲ್ಲೇ, ಪರದೆ ಎಲ್ಲರಿಗೂ ಕಾಣುವಂತೆ ಇಟ್ಟರೆ ಅದರ ತೊಂದರೆ ಅರ್ಧಕ್ಕರ್ಧ ಕಡಿಮೆಯಾಯಿತು. ಅಂದರೆ ಯಾವ ಯಂತ್ರ ತಂದಿರಿ ಎಂಬಷ್ಟೇ ಮುಖ್ಯ, ಅದನ್ನು ಎಲ್ಲಿ ಇಟ್ಟಿರಿ ಎಂಬುದು.

ಬೀಗದ ಕೈ ಯಾರಲ್ಲಿ?

ಎರಡೂ ಬಗೆಯ ಯಂತ್ರಗಳಲ್ಲಿ ಹೆತ್ತವರ ನಿಯಂತ್ರಣಕ್ಕೆ ವ್ಯವಸ್ಥೆಯಿದೆ. ಅದನ್ನು ಬಳಸುವವರು ಕಡಿಮೆ, ಅಷ್ಟೆ.

ಪ್ಲೇಸ್ಟೇಶನ್‌ನಲ್ಲಿ ತಂದೆ ಅಥವಾ ತಾಯಿಯ ಹೆಸರಿನಲ್ಲಿ ಮುಖ್ಯ ಖಾತೆ ತೆರೆದು, ಅದರಡಿ ಮಗುವಿನ ಖಾತೆ ಮಾಡಬೇಕು. ದಿನಕ್ಕೆ ಎಷ್ಟು ಹೊತ್ತು ಆಡಬಹುದು, ಯಾವ ವಯಸ್ಸಿನ ಆಟ ತೆರೆಯಬಹುದು, ತಿಂಗಳಿಗೆ ಎಷ್ಟು ಹಣ ಖರ್ಚು ಮಾಡಬಹುದು, ಅಪರಿಚಿತರೊಡನೆ ಮಾತನಾಡಬಹುದೇ ಎಂಬುದನ್ನೆಲ್ಲ ಅಲ್ಲಿ ಗೊತ್ತುಪಡಿಸಬಹುದು. ಯಂತ್ರದ ನಿರ್ಬಂಧಗಳಿಗೆ ನಾಲ್ಕು ಅಂಕೆಗಳ ಪಾಸ್‌ಕೋಡ್ ಇದೆ. ಹೊಸ ಯಂತ್ರದಲ್ಲಿ ಅದು 0000 ಆಗಿರುತ್ತದೆ. ಮಕ್ಕಳಿಗೆ ಇದು ಗೊತ್ತು, ಆದ್ದರಿಂದ ಮೊದಲ ದಿನವೇ ಬದಲಾಯಿಸಿ. ಹೊಸ ಖಾತೆ ತೆರೆಯುವುದನ್ನೂ ಅತಿಥಿಯಾಗಿ ಪ್ರವೇಶಿಸುವುದನ್ನೂ ತಡೆಹಿಡಿಯಿರಿ. ಇಲ್ಲವಾದರೆ ಮಗು ಇನ್ನೊಂದು ಹೆಸರಿನಲ್ಲಿ ಒಳಗೆ ಹೋಗಬಹುದು. ಎಕ್ಸ್‌ಬಾಕ್ಸ್ ಮತ್ತು ನಿಂಟೆಂಡೊ ಯಂತ್ರಗಳಲ್ಲಿಯೂ ಇಂಥದೇ ಏರ್ಪಾಡಿದೆ, ತಾಯಿಯ ಫೋನಿನಿಂದಲೇ ನಿಭಾಯಿಸಬಹುದು.

ಕಂಪ್ಯೂಟರಿನಲ್ಲಿ ಬೀಗಗಳು ಒಂದಲ್ಲ, ಹಲವು. ವಿಂಡೋಸ್‌ಗೆ ಮೈಕ್ರೋಸಾಫ್ಟ್‌ನ 'ಫ್ಯಾಮಿಲಿ ಸೇಫ್ಟಿ' ಇದೆ. ಸ್ಟೀಮ್‌ನಲ್ಲಿ 2024ರಿಂದ 'ಸ್ಟೀಮ್ ಫ್ಯಾಮಿಲೀಸ್' ಎಂಬ ಏರ್ಪಾಡಿನಡಿ ಮಕ್ಕಳ ಸಮಯ ಮತ್ತು ಖರೀದಿಯನ್ನು ಹೆತ್ತವರು ನಿಯಂತ್ರಿಸಬಹುದು. ಆದರೆ ಸ್ಟೀಮ್‌ಗೆ ಹಾಕಿದ ಬೀಗ ಬ್ರೌಸರ್‌ಗೆ ಅನ್ವಯಿಸದು, ಬೇರೆ ಅಂಗಡಿಗಳಿಗೂ ಅನ್ವಯಿಸದು. ಕಂಪ್ಯೂಟರಿನ ಅಡ್ಮಿನಿಸ್ಟ್ರೇಟರ್ ಖಾತೆ ಮಗನ ಕೈಯಲ್ಲಿದ್ದರೆ ಯಾವ ಬೀಗವನ್ನೂ ಅವನೇ ತೆಗೆಯಬಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ "ನಮಗೆ ಗೊತ್ತಾಗುವುದಿಲ್ಲ, ನೀನೇ ಸೆಟ್ ಮಾಡು" ಎಂದು ಮಗನಿಗೇ ಅದನ್ನು ಒಪ್ಪಿಸಿರುತ್ತಾರೆ. ತಿಳಿಯದಿದ್ದರೆ ತಿಳಿದ ಸಂಬಂಧಿಕರನ್ನೋ ನೆರೆಯವರನ್ನೋ ಕರೆದು ಕೂರಿಸಿ ಮಾಡಿಸಿಕೊಳ್ಳಿ.

ಪೆಟ್ಟಿಗೆಯ ಮೇಲಿನ ಅಂಕೆ

ಸಿನಿಮಾಕ್ಕೆ ಸೆನ್ಸಾರ್ ಪ್ರಮಾಣಪತ್ರ ಇರುವಂತೆ ಆಟಗಳಿಗೂ ವಯಸ್ಸಿನ ಗುರುತು ಇರುತ್ತದೆ. ಅಮೆರಿಕದಲ್ಲಿ 1994ರಲ್ಲಿ ಇ.ಎಸ್.ಆರ್.ಬಿ. ಎಂಬ ಮಂಡಳಿ ಸ್ಥಾಪನೆಯಾಯಿತು. 'ಮಾರ್ಟಲ್ ಕಾಂಬ್ಯಾಟ್'ನಂಥ ಆಟಗಳ ರಕ್ತಪಾತದ ಬಗ್ಗೆ ಹಿಂದಿನ ವರ್ಷ ಅಲ್ಲಿನ ಸೆನೆಟ್‌ನಲ್ಲೇ ವಿಚಾರಣೆ ನಡೆದಿತ್ತು. ಯುರೋಪಿನಲ್ಲಿ 2003ರಿಂದ ಪೆಗಿ ಗುರುತು ಬಳಕೆಯಲ್ಲಿದೆ. ಪೆಗಿಯಲ್ಲಿ 3, 7, 12, 16, 18 ಎಂಬ ಅಂಕೆಗಳಿರುತ್ತವೆ. ಅದು ಆಟದ ಕಷ್ಟದ ಮಟ್ಟವಲ್ಲ, ಆಡಲು ಆಗಿರಬೇಕಾದ ವಯಸ್ಸು. 18 ಎಂದು ಬರೆದ ಆಟವನ್ನು ಹತ್ತು ವರ್ಷದ ಮಗುವಿಗೆ ಪ್ರಥಮ ಪರಮ ಪ್ರಸಾದದ ಉಡುಗೊರೆಯಾಗಿ ಕೊಡುವ ಬಂಧುಗಳು ಒಮ್ಮೆ ಪೆಟ್ಟಿಗೆಯ ಮೂಲೆಯನ್ನು ನೋಡಿದ್ದರೆ ಚೆನ್ನಾಗಿತ್ತು.

ಆಟದೊಳಗಿನ ಅಂಗಡಿ

ಅನೇಕ ಆಟಗಳು ಇಂದು ಪುಕ್ಕಟೆಯಾಗಿ ಸಿಗುತ್ತವೆ, ಆದರೆ ಒಳಗೆ ಅಂಗಡಿ ತೆರೆದಿರುತ್ತದೆ. ಹೊಸ ಉಡುಪು, ಹೊಸ ಆಯುಧ, ಹೊಸ ಆಟಗಾರ ಎಲ್ಲಕ್ಕೂ ಹಣ. ಒಳಗೇನಿದೆ ಎಂದು ತಿಳಿಯದೆ ಹಣ ಕೊಟ್ಟು ತೆರೆಯುವ 'ಲೂಟ್ ಬಾಕ್ಸ್' ಲಾಟರಿಗೆ ಹತ್ತಿರದ ಸಂಬಂಧಿ. ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಮಂಡಳಿ 2018ರಲ್ಲಿ ಇದನ್ನು ಜೂಜೆಂದೇ ಪರಿಗಣಿಸಿತು. ಇದು ಕಂಪ್ಯೂಟರ್, ಕನ್ಸೋಲ್ ಎರಡರಲ್ಲೂ ಇದೆ, ಫೋನಿನಲ್ಲಂತೂ ಇನ್ನೂ ಹೆಚ್ಚು. ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಹಾಗೆಂದು ಸಾಮಾನ್ಯ ಆಟಗಳ ಒಳಗಿನ ಖರೀದಿ ನಿಂತಿಲ್ಲ. ಆದುದರಿಂದ ಯಾವ ಯಂತ್ರದಲ್ಲೂ ನಿಮ್ಮ ಬ್ಯಾಂಕ್ ಕಾರ್ಡಿನ ವಿವರ ಉಳಿಸಿ ಇಡಬೇಡಿ.

ಕರಾವಳಿಯ ಹವೆ, ಗಲ್ಫಿನ ಸೂಟ್‌ಕೇಸು

ನಮ್ಮಲ್ಲಿ ತೇವಾಂಶ ಹೆಚ್ಚು, ಸಮುದ್ರದ ಬದಿಯ ಮನೆಗಳಲ್ಲಿ ಉಪ್ಪಿನ ಗಾಳಿ ಬೇರೆ. ಎರಡೂ ಯಂತ್ರಗಳು ಬಿಸಿಯಾಗುತ್ತವೆ, ಗಾಳಿ ಎಳೆದುಕೊಳ್ಳುತ್ತವೆ. ಮುಚ್ಚಿದ ಕಪಾಟಿನೊಳಗೆ ಇಡಬಾರದು. ಮೇ ತಿಂಗಳ ಗುಡುಗು ಮಳೆ ಮತ್ತು ಅಕ್ಟೋಬರ್‌ನ ಸಿಡಿಲಿನ ದಿನಗಳಲ್ಲಿ ಪ್ಲಗ್ ಜೊತೆಗೆ ಇಂಟರ್ನೆಟ್ ವಯರನ್ನೂ ಕಿತ್ತಿಡಬೇಕು. ಕನ್ಸೋಲ್ ಆಡುವಾಗ ಸುಮಾರು 200 ವ್ಯಾಟ್ ಕರೆಂಟು ಎಳೆಯುತ್ತದೆ ಎಂದಿಟ್ಟುಕೊಂಡರೆ ಐದು ಗಂಟೆಗೆ ಒಂದು ಯೂನಿಟ್. ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಕಂಪ್ಯೂಟರಿಗೆ ಇದರ ಎರಡು ಪಟ್ಟೂ ಬೇಕಾಗಬಹುದು.

ವಿದೇಶದಿಂದ ತರುವವರು ಎರಡು ವಿಷಯ ಗಮನಿಸಬೇಕು. ಒಂದು, ಗ್ಯಾರಂಟಿ ಸಾಮಾನ್ಯವಾಗಿ ಕೊಂಡ ದೇಶಕ್ಕೆ ಸೀಮಿತ. ಎರಡು, ಆಟ ಕೊಳ್ಳುವ ಖಾತೆ ಯಾವ ದೇಶದ್ದೋ ಆ ದೇಶದ ಹಣದಲ್ಲೇ ವ್ಯವಹಾರ. ದುಬೈಯಲ್ಲಿ ತೆರೆದ ಖಾತೆಯನ್ನು ಊರಿಗೆ ಬಂದ ಮೇಲೆ ಭಾರತದ್ದಾಗಿ ಬದಲಾಯಿಸುವುದು ಸುಲಭವಲ್ಲ. ಮಕ್ಕಳು ಊರಿನಲ್ಲೇ ಆಡುವುದಾದರೆ ಖಾತೆಯನ್ನು ಊರಿಗೆ ತಂದ ಮೇಲೆ ತೆರೆಯುವುದು ಒಳ್ಳೆಯದು.

ಇಲ್ಲಿ ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ವರ್ಷಕ್ಕೊಮ್ಮೆ ಊರಿಗೆ ಬರುವ ತಂದೆ, ತನ್ನ ಇಲ್ಲದಿರುವಿಕೆಗೆ ಪರಿಹಾರವೆಂಬಂತೆ ದುಬಾರಿ ಯಂತ್ರ ತಂದಿಟ್ಟು ಮರಳಿ ಹೋದರೆ ಅದು ಮಗುವಿನೊಡನೆ ಕೂರುವುದಿಲ್ಲ. ಆದರೆ ಅದೇ ತಂದೆ ದುಬೈಯ ಕೋಣೆಯಿಂದ ಶುಕ್ರವಾರ ಸಂಜೆ ಅರ್ಧ ಗಂಟೆ ಮಗನೊಡನೆ ಆನ್‌ಲೈನ್‌ನಲ್ಲಿ ಫುಟ್‌ಬಾಲ್ ಆಡಿದರೆ, ಆಟದ ನಡುವೆ ಶಾಲೆಯ ಸುದ್ದಿಯೂ ಬರುತ್ತದೆ, ಮನಸ್ಸಿನ ಮಾತೂ ಬರುತ್ತದೆ. ನಮಗೂ ಅಲ್ಲಿಗೂ ಇರುವ ಸಮಯದ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ.

ಆಟ ಚಟವಾದಾಗ

ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯ 11ನೇ ಪರಿಷ್ಕರಣೆಯಲ್ಲಿ ಗೇಮಿಂಗ್ ಚಟವನ್ನು ಸೇರಿಸಿದೆ. ಈ ಪಟ್ಟಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಗಂಟೆಗಳ ಲೆಕ್ಕದಿಂದ ಮಾತ್ರ ಇದನ್ನು ನಿರ್ಧರಿಸುವುದಿಲ್ಲ. ಆಟದ ಮೇಲೆ ಹಿಡಿತ ತಪ್ಪುವುದು, ಊಟ, ನಿದ್ದೆ, ಓದಿಗಿಂತ ಆಟವೇ ದೊಡ್ಡದಾಗುವುದು, ಹಾನಿಯಾದರೂ ಬಿಡಲಾಗದಿರುವುದು - ಇವು ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಕಂಡುಬಂದಿರಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ 'ಶಟ್' ಕ್ಲಿನಿಕ್ ನಡೆಯುತ್ತಿದೆ. ಬೈದು, ಯಂತ್ರ ಒಡೆದು ಹಾಕುವುದರಿಂದ ಚಟ ಬಿಡುವುದಿಲ್ಲ. ಇಂಥ ಮನೆಗಳಲ್ಲಿ ನಾಚಿಕೆಯಿಂದ ಮುಚ್ಚಿಡದೆ ಧರ್ಮಗುರುಗಳೊಡನೆ, ಆಪ್ತ ಸಲಹೆಗಾರರೊಡನೆ, ಮನೋವೈದ್ಯರೊಡನೆ ಮಾತನಾಡಬೇಕು.

ಪವಿತ್ರ ಸಭೆಯ ದೃಷ್ಟಿ

ಪೋಪ್ 16ನೇ ಬೆನೆಡಿಕ್ಟ್ ಅವರು 2007ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶವನ್ನು ಮಕ್ಕಳು ಮತ್ತು ಮಾಧ್ಯಮದ ವಿಷಯಕ್ಕೇ ಮೀಸಲಿಟ್ಟಿದ್ದರು. ಹಿಂಸೆಯನ್ನು ವೈಭವೀಕರಿಸುವ ಹಾಗೂ ಲೈಂಗಿಕತೆಯನ್ನು ಹಗುರಗೊಳಿಸುವ ವಿಡಿಯೋ ಗೇಮ್‌ಗಳನ್ನು ಅವರು ಅದರಲ್ಲಿ ಕಟುವಾಗಿ ಟೀಕಿಸಿದರು. ಜೊತೆಗೆ, ಒಳ್ಳೆಯದನ್ನು ಆರಿಸಿಕೊಳ್ಳಲು ಮಕ್ಕಳನ್ನು ತರಬೇತುಗೊಳಿಸುವ ಹೊಣೆ ಹೆತ್ತವರದು, ಶಾಲೆಯದು, ಪವಿತ್ರ ಸಭೆಯದು ಎಂದೂ ತಿಳಿಸಿದರು.

ಈ ತರಬೇತಿ ಹೇಗಿರುತ್ತದೆ ಎಂಬುದಕ್ಕೆ ನಮ್ಮ ಕಾಲದಲ್ಲೇ ಒಂದು ಉದಾಹರಣೆಯಿದೆ. 2025ರ ಸೆಪ್ಟೆಂಬರ್ 7ರಂದು ಪೋಪ್ 14ನೇ ಲಿಯೋ ಅವರು ಸಂತರೆಂದು ಘೋಷಿಸಿದ ಕಾರ್ಲೊ ಅಕ್ಯೂಟಿಸ್ 1991ರಲ್ಲಿ ಹುಟ್ಟಿ 2006ರಲ್ಲಿ, ಕೇವಲ 15ನೇ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಬಾಲಕ. ಅವನ ಮನೆಯಲ್ಲಿ ಎರಡೂ ಇದ್ದವು. ಕಂಪ್ಯೂಟರಿನಲ್ಲಿ ಅವನು ಪ್ರೋಗ್ರಾಮಿಂಗ್ ಕಲಿತು, ಪರಮ ಪ್ರಸಾದದ ಅದ್ಭುತಗಳ ಕುರಿತು ವೆಬ್‌ಸೈಟ್ ರೂಪಿಸಿದ. ಪ್ಲೇಸ್ಟೇಶನ್ ಕೂಡ ಅವನಿಗೆ ಇಷ್ಟವೇ. ಆದರೆ ವಾರಕ್ಕೆ ಒಂದು ಗಂಟೆಗಿಂತ ಹೆಚ್ಚು ಆಡುವುದಿಲ್ಲ ಎಂದು ತಾನೇ ನಿಯಮ ಹಾಕಿಕೊಂಡಿದ್ದ ಎಂದು ಅವನ ಜೀವನಚರಿತ್ರೆ ಬರೆದವರು ದಾಖಲಿಸಿದ್ದಾರೆ. ಬೀಗದ ಕೈಯನ್ನು ಹೆತ್ತವರು ಇಟ್ಟುಕೊಳ್ಳುವುದು ಆರಂಭದ ದಿನಗಳಿಗೆ. ಮಗು ಬೆಳೆದಂತೆ ಆ ಕೈ ಅವನ ಮನಸ್ಸಾಕ್ಷಿಗೇ ಬರಬೇಕು ಎಂಬುದು ನಮ್ಮ ಗುರಿ.

ಚರ್ಚ್ ಸಂಘಟನೆಗಳಿಗೆ

ಯುವಜನರನ್ನು ಸೆಳೆಯಲು ಚರ್ಚ್ ಸಭಾಭವನದಲ್ಲಿ ಗೇಮ್ ಇಡಬೇಕೆಂಬ ಸಲಹೆ ಐ.ಸಿ.ವೈ.ಎಂ., ವೈ.ಸಿ.ಎಸ್. ಸಭೆಗಳಲ್ಲಿ ಬಂದರೆ ಕನ್ಸೋಲ್ ಹೆಚ್ಚು ಸೂಕ್ತ. ನಾಲ್ವರು ಆಡಿದರೆ ಹತ್ತು ಮಂದಿ ನೋಡಬಹುದು. ಕ್ರೀಡೆ, ಓಟದಂಥ ಎಲ್ಲ ವಯಸ್ಸಿಗೂ ಸಲ್ಲುವ ಆಟಗಳನ್ನು ಮಾತ್ರ ಇಟ್ಟು, ಹಿರಿಯರೊಬ್ಬರು ಹೊಣೆ ವಹಿಸಬೇಕು. ಅದಕ್ಕಾಗಿ ಕೇರಂ, ಶಟ್ಲ್, ವಾಲಿಬಾಲ್ ಮೂಲೆಗೆ ಹೋಗಬಾರದು. ಅದೇ ಹಣದಲ್ಲಿ ಎರಡು ಸಾಧಾರಣ ಕಂಪ್ಯೂಟರ್ ಕೊಂಡು, ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಕ್ಕಳಿಗೆ ಕಲಿಸುವ ಸಾಧ್ಯತೆಯನ್ನೂ ಪಾಲನಾ ಮಂಡಳಿ ಯೋಚಿಸಲಿ. ಯಂತ್ರಗಳಿಗೆ ಬೀಗ ಹಾಕುವ ವಿಧಾನವನ್ನು ತಾಯಂದಿರಿಗೆ ತೋರಿಸಿಕೊಡಲು ವಾಳೆ ಮಟ್ಟದಲ್ಲಿ ಒಂದು ಸಂಜೆಯ ಶಿಬಿರ ಸಾಕು. ನಮ್ಮ ಯುವಕರೇ ಅದನ್ನು ನಡೆಸಬಲ್ಲರು.

ಕೊಳ್ಳುವ ಮೊದಲು

ಮನೆಯಲ್ಲಿ ಓದಿಗೆ ಕಂಪ್ಯೂಟರೇ ಇಲ್ಲದಿದ್ದರೆ ಮೊದಲು ಸಾಧಾರಣ ಕಂಪ್ಯೂಟರ್ ತನ್ನಿ, ಆಟದ ಮಾತು ಆಮೇಲೆ. ಓದಿಗೆ ಒಂದು ಇದ್ದು, ಆಟಕ್ಕೆಂದೇ ಕೊಳ್ಳುವುದಾದರೆ, ಚಿಕ್ಕ ಮಕ್ಕಳಿರುವ ಮನೆಗೆ ಚಾವಡಿಯಲ್ಲಿಡುವ ಕನ್ಸೋಲ್ ಒಳ್ಳೆಯದು. ಕಾಲೇಜಿಗೆ ಹೋಗುವ, ಯಂತ್ರದ ಬಗ್ಗೆ ನಿಜವಾದ ಆಸಕ್ತಿಯಿರುವ ಮಗ ಅಥವಾ ಮಗಳಿಗೆ ಗೇಮಿಂಗ್ ಕಂಪ್ಯೂಟರಿನ ಖರ್ಚು ವ್ಯರ್ಥವಾಗದು. ಸಾಲ ಮಾಡಿ ಎರಡರಲ್ಲಿ ಯಾವುದನ್ನೂ ತರಬೇಡಿ.

ಅಂಗಡಿಗೆ ಹೊರಡುವ ಮೊದಲು ಮನೆಮಂದಿ ಒಟ್ಟಿಗೆ ಕುಳಿತು ನಾಲ್ಕು ವಿಷಯ ತೀರ್ಮಾನಿಸಿ ಒಂದು ಕಾಗದದಲ್ಲಿ ಬರೆಯಿರಿ: ಯಂತ್ರ ಎಲ್ಲಿರುತ್ತದೆ, ದಿನಕ್ಕೆ ಎಷ್ಟು ಹೊತ್ತು, ತಿಂಗಳಿಗೆ ಎಷ್ಟು ಹಣ, ಪಾಸ್‌ವರ್ಡ್ ಯಾರ ಕೈಯಲ್ಲಿ. ಮಕ್ಕಳೂ ಒಪ್ಪಿ ಸಹಿ ಹಾಕಲಿ. ಈ ನಾಲ್ಕಕ್ಕೆ ಉತ್ತರ ಸಿಕ್ಕಿದ ಮೇಲೆ ಯಾವ ಕಂಪೆನಿಯದ್ದು ಎಂಬುದನ್ನು ಮಕ್ಕಳೇ ಆರಿಸಿಕೊಳ್ಳಲಿ.